ದಾರವಿಲ್ಲದ ಕಾಯಿ

ಇದು 1989ರ ಸೀಗಿ ಹುಣ್ಣಿಮೆಯ ಆಸುಪಾಸಿನ ಮಾತು. ಆಗ ನಮ್ಮ ರಾಣೆಬೆನ್ನೂರು ತಾಲ್ಲೂಕು ಇನ್ನೂ ಧಾರವಾಡ ಜಿಲ್ಲೆಯಲ್ಲಿತ್ತು. ಐರಣಿ ಕಡೆಯ ಒಂದು ಸಣ್ಣ ಊರಿಗೆ ನಾನು ಸೊಸೆಯಾಗಿ ಬಂದು ಎಂಟು ವರ್ಷವಾಗಿತ್ತು. ತವರು ಕದರಮಂಡಲಗಿ. ಬ್ಯಾಡಗಿ ಸೀಮೆಯವಳು, ನಾಲಿಗೆಗೆ ಮೆಣಸಿನಕಾಯಿ ಹಚ್ಚಿಕೊಂಡೇ ಹುಟ್ಟಿದ್ದಾಳೆ ಎಂದು ಗಂಡನ ಮನೆಯವರು ಚೇಷ್ಟೆ ಮಾಡುತ್ತಿದ್ದರು. ನಿಜ ಹೇಳಬೇಕೆಂದರೆ ನನ್ನ ನಾಲಿಗೆಗಿಂತ ಖಾರವಾದದ್ದು ನನ್ನ ಸಂಶಯ. ಗುತ್ತಲದ ಬಸ್ಸಿಗೆ ಬೋರ್ಡು ಹಾಕಿದ್ದರೂ ಕಂಡಕ್ಟರನನ್ನು ಕೇಳಿ, ಅವನು ಹೌದೆಂದ ಮೇಲೆ ಪಕ್ಕದ ಸೀಟಿನವರನ್ನು ಕೇಳಿ, ಆಮೇಲೆ ಕೂರುವವಳು ನಾನು. ಈ ಗುಣದಿಂದ ನನಗೆ ಎಷ್ಟೋ ಸಲ ಒಳ್ಳೆಯದಾಗಿದೆ. ಒಂದು ಸಲ ಆದದ್ದನ್ನು ಮಾತ್ರ ಇಂದಿಗೂ ನುಂಗಿಕೊಳ್ಳಲು ಆಗಿಲ್ಲ.

ಆ ಕಾಲಕ್ಕೆ ರಾಣೆಬೆನ್ನೂರು ಸುತ್ತಮುತ್ತ ಹೈಬ್ರಿಡ್ ಹತ್ತಿ ಬೀಜದ ಕೆಲಸ ಜೋರಾಗಿತ್ತು. ನಮ್ಮೂರ ಹೆಂಗಸರೆಲ್ಲ ದೊಡ್ಡ ಜಮೀನುದಾರರ ಹೊಲಗಳಿಗೆ 'ಕ್ರಾಸಿಂಗ್' ಮಾಡಲು ಹೋಗುತ್ತಿದ್ದೆವು. ಆ ಕೆಲಸ ಏನೆಂದು ಇಲ್ಲಿಯೇ ಹೇಳಿಬಿಡುತ್ತೇನೆ. ಒಂದು ಜಾತಿಯ ಹತ್ತಿ ಹೆಣ್ಣು, ಇನ್ನೊಂದು ಜಾತಿಯದು ಗಂಡು. ಮಧ್ಯಾಹ್ನದ ಮೇಲೆ ಹೆಣ್ಣು ಸಾಲಿನಲ್ಲಿ ನಿಂತು, ನಾಳೆ ಅರಳುವ ಮೊಗ್ಗು ಯಾವುದೆಂದು ಗುರುತಿಸಿ, ಹೆಬ್ಬೆರಳಿನ ಉಗುರಿನಿಂದ ಅದರ ಎಸಳು ಸುಲಿದು, ಒಳಗಿನ ಪುಡಿಯ ಭಾಗವನ್ನೆಲ್ಲ ಚಿವುಟಿ ತೆಗೆದು, ಮೇಲೊಂದು ಕೆಂಪು ಕಾಗದದ ಚೀಲ ತೊಡಿಸಬೇಕು. ಮರುದಿನ ಬೆಳಿಗ್ಗೆ ಬಿಸಿಲೇರುವ ಮುನ್ನ ಗಂಡು ಹೂವನ್ನು ತಂದು ಅದಕ್ಕೆ ಸವರಿ, ತೊಟ್ಟಿಗೆ ಕೆಂಪು ದಾರ ಕಟ್ಟಬೇಕು. ದಾರವಿದ್ದರೆ ಅದು ನಾವು ಕೂಡಿಸಿದ ಕಾಯಿ. ದಾರವಿಲ್ಲದಿದ್ದರೆ ತನ್ನಷ್ಟಕ್ಕೆ ತಾನೇ ಕಟ್ಟಿದ ಕಾಯಿ. ಅದರ ಬೀಜ ಕೆಲಸಕ್ಕೆ ಬಾರದು, ಕಂಡಲ್ಲಿ ಕಿತ್ತು ಎಸೆಯಬೇಕು. ಎರಡು ತಿಂಗಳು ಹೀಗೆ ಮಾಡಿ ಮಾಡಿ ನಮ್ಮೆಲ್ಲರ ಬಲಗೈ ಹೆಬ್ಬೆರಳಿನ ಉಗುರು ಕಪ್ಪಾಗಿರುತ್ತಿತ್ತು. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಉಗುರು ನೋಡಿಯೇ ಇವರು ನಮ್ಮ ಕಡೆಯವರು ಎಂದು ಹೇಳಬಹುದಿತ್ತು.

ನಮಗೂ ಹೊಲವಿತ್ತು. ಆದರೆ ಒಬ್ಬೊಬ್ಬರದು ಎಕರೆ, ಎರಡೆಕರೆ. ಅಷ್ಟು ಸಣ್ಣ ತುಂಡಿಗೆ ಹೆಣ್ಣು-ಗಂಡು ಬೀಜ ಕೊಡಲು ಯಾವ ಬೀಜದ ಕಂಪನಿಯೂ ಒಪ್ಪುತ್ತಿರಲಿಲ್ಲ. ಸುತ್ತಲಿನ ಹೊಲದಲ್ಲಿ ಬೇರೆ ಹತ್ತಿ ಇದ್ದರೆ ಅದರ ಪುಡಿ ಹಾರಿ ಬಂದು ಎಲ್ಲ ಹಾಳು ಎನ್ನುತ್ತಿದ್ದರು. ಆ ವರ್ಷ ನಮ್ಮೂರಿನ ಬಸಣ್ಣ ಎಂಬವರು, ಹಾವೇರಿಯಲ್ಲಿ ಓದಿ ಬಂದು ಒಕ್ಕಲುತನಕ್ಕೆ ನಿಂತಿದ್ದವರು, ಒಂದು ದಾರಿ ಹುಡುಕಿದರು. ಹಳ್ಳದ ಆಚೆ ಒತ್ತೊತ್ತಿಗೆ ಹೊಲ ಇದ್ದ ಹದಿನಾಲ್ಕು ಮನೆಗಳು ಸೇರಿ ಬೀಜ ಬೆಳೆಗಾರರ ಸಹಕಾರ ಸಂಘ ಮಾಡಿದರೆ ಎಲ್ಲ ತುಂಡುಗಳೂ ಕೂಡಿ ಒಂದೇ ದೊಡ್ಡ ಹೊಲವಾದಂತೆ. ಬೀಜ ಸಂಘಕ್ಕೆ ಬರುತ್ತದೆ, ಬೆಳೆದ ಹತ್ತಿಯೂ ಸಂಘದಿಂದಲೇ ಹೋಗುತ್ತದೆ. ಪರರ ಹೊಲಕ್ಕೆ ಕೂಲಿಗೆ ಹೋಗುವುದು ತಪ್ಪುತ್ತದೆ.

ನನ್ನ ಗಂಡನಿಗೆ ಇದು ಮೊದಲ ಮಾತಿಗೇ ರುಚಿಸಿತು. ನನಗೆ ರುಚಿಸಲಿಲ್ಲ. ಬಸಣ್ಣನಿಗೆ ಇದರಲ್ಲಿ ಏನು ಸಿಗುತ್ತದೆ, ತಕ್ಕಡಿ ಯಾರ ಮನೆಯಲ್ಲಿ ಇರುತ್ತದೆ, ನಮ್ಮ ಒಳ್ಳೆಯ ಹತ್ತಿಗೆ ಇನ್ನೊಬ್ಬರ ಕಸ ಬೆರೆತರೆ ಯಾರು ಜವಾಬ್ದಾರಿ ಎಂದು ಕೇಳಿ ಕೇಳಿ ಗಂಡನ ತಲೆ ತಿಂದೆ. ಕೊನೆಗೆ ಅವರು ಸಂಘದ ಪುಸ್ತಕದಲ್ಲಿ ತಮ್ಮ ಹೆಸರು ಬರೆಸದೆ ನನ್ನ ಹೆಸರು ಬರೆಸಿ ಬಂದರು. "ಉಗುರು ನಿಂದು, ಹೆಸರೂ ನಿಂದ ಇರ್ಲಿ. ಸಂಶಯ ಬಂದ್ರ ನೀನ ಹೋಗಿ ಕೇಳು," ಎಂದರು. ಸಂಘದ ಕೋಣೆಯಾಗಿ ನಮ್ಮ ಪಡಸಾಲೆಯನ್ನೇ ಕೊಟ್ಟೂ ಬಂದಿದ್ದರು. ಆ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು ನಾನು ಮೊದಲ ಸಲ ಸಹಿ ಮಾಡಿದೆ. ಸಿಟ್ಟಿನಲ್ಲಿ ಇದ್ದರೂ ನನ್ನ ಹೆಸರು ನೋಡಿ ಹಿಗ್ಗಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಸಂಘದ ನಿಯಮಗಳಲ್ಲಿ ಒಂದು ಬಹಳ ಬಿಗಿಯಾದದ್ದು. ಹದಿನಾಲ್ಕೂ ಮನೆಯ ಬೀಜ ಒಂದೇ ರಾಶಿ. ಬೀಜದ ಕಂಪನಿಯವರು ಆ ರಾಶಿಯಿಂದ ಒಂದು ಮಾದರಿ ತೆಗೆದುಕೊಂಡು ಹೋಗಿ ಬಿತ್ತಿ ಬೆಳೆದು ನೋಡುತ್ತಾರೆ. ಅದರಲ್ಲಿ ಬೆರಕೆ ಕಂಡರೆ ಯಾರದು ತಪ್ಪು ಎಂದು ಕೇಳುವುದಿಲ್ಲ, ರಾಶಿಯನ್ನೇ ಬೇಡ ಎನ್ನುತ್ತಾರೆ. ಎಲ್ಲರ ದುಡಿಮೆಯೂ ಸಾದಾ ಹತ್ತಿಯಾಗಿ, ಹತ್ತಿ ಬಿಡಿಸುವ ಜಿನ್ನಿಗೆ ಹೋಗುತ್ತದೆ. ಅದಕ್ಕೇ ಯಾರ ಹೊಲದಲ್ಲಿಯಾದರೂ ದಾರವಿಲ್ಲದ ಕಾಯಿ ಬಿಟ್ಟದ್ದು ಕಂಡರೆ ಅವರ ಹೆಸರು ಸಂಘದಿಂದ ತೆಗೆಯಬೇಕು, ಅವರ ಬೆಳೆ ಮುಟ್ಟಬಾರದು ಎಂದು ಮೊದಲ ಸಭೆಯಲ್ಲೇ ಠರಾವು ಆಯಿತು.

ಆ ಠರಾವು ಆದ ದಿನದಿಂದ ನಮ್ಮೂರ ಹೆಂಗಸರ ಕಣ್ಣು ಬದಲಾಯಿತು. ಮಜ್ಜಿಗೆ ಕೇಳಲು ಬಂದವರು ಹಿತ್ತಲ ಬಾಗಿಲಿನಿಂದ ಹೊಲದ ಕಡೆ ಕಣ್ಣು ಹಾಯಿಸಿ ಹೋಗುತ್ತಿದ್ದರು. ಬಟ್ಟೆ ಒಗೆಯಲು ಹಳ್ಳಕ್ಕೆ ಹೋದವರು ಬರುವಾಗ ಸುತ್ತು ದಾರಿ ಹಿಡಿದು ನಾಲ್ಕು ಹೊಲ ನೋಡಿ ಬರುತ್ತಿದ್ದರು. ಮೊದಲು ಒಬ್ಬರ ಹೊಲದಲ್ಲಿ ಕಳೆ ಬಿದ್ದರೆ ಅವರಿಗಷ್ಟೇ ಚಿಂತೆ. ಈಗ ಎಲ್ಲರ ಹೊಲವೂ ಎಲ್ಲರ ಚಿಂತೆ. ಪ್ರತಿ ಗುರುವಾರ ಒಬ್ಬರು ಎಲ್ಲ ಹೊಲ ಸುತ್ತಿ ನೋಡಬೇಕೆಂದು ಪಾಳಿ ಮಾಡಿದ್ದರು. ಮೂರು ವಾರ ಕಳೆಯುವುದರೊಳಗೆ ಪಾಳಿ ಬಿಟ್ಟು ಆ ಕೆಲಸವನ್ನು ನನಗೇ ಒಪ್ಪಿಸಿದರು. ನನ್ನ ಕಣ್ಣು ಅಂಥದ್ದು. ಪೊಲೀಸರ ಹಾಗೆ 'ಫೌಜದಾರ ಶಾಂತವ್ವ' ಎಂದು ಹೆಸರೂ ಬಿತ್ತು. ನಾನು ಹೊಲದ ಬದುವಿಗೆ ಬಂದರೆ ಸಾಕು, ಅಲ್ಲಿ ಮಾತು ನಿಲ್ಲುತ್ತಿತ್ತು. ಅದು ನನಗೆ ಒಳಗೊಳಗೇ ಖುಷಿ ಕೊಡುತ್ತಿತ್ತು.

ನಮ್ಮ ಹೊಲಕ್ಕೆ ಹತ್ತಿಕೊಂಡೇ ಅಮೀನಾಬಿಯ ಒಂದೆಕರೆ. ನನಗಿಂತ ಹತ್ತು ವರ್ಷ ದೊಡ್ಡವಳು, ನಾನು ಅಮೀನಕ್ಕ ಎನ್ನುತ್ತಿದ್ದೆ. ಗಂಡ ಮನೆ ಕಟ್ಟುವ ಗೌಂಡಿ ಕೆಲಸಕ್ಕೆಂದು ಹಾವೇರಿಯಲ್ಲಿ ಇರುತ್ತಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಹೊಲವೆಲ್ಲ ಅವಳ ಒಬ್ಬಳ ಮೇಲೆ. ಮಕ್ಕಳ ಜೊತೆ ಉರ್ದುವಿನಲ್ಲಿ ಗದರಿಕೊಳ್ಳುತ್ತ, ನಮ್ಮ ಅತ್ತೆಯ ಜೊತೆ ಕನ್ನಡದಲ್ಲಿ ನಗುತ್ತ ಮಾತಾಡುವವಳು. ನಮ್ಮ ಅತ್ತೆಗೂ ಅವಳಿಗೂ ತಾಯಿ ಮಗಳ ಹಾಗೆ, ಅತ್ತೆಯನ್ನು ದೊಡ್ಡವ್ವ ಎಂದೇ ಕರೆಯುತ್ತಿದ್ದಳು. ಅತ್ತೆಯ ದೇವರ ಮುಂದೆ ಉರಿಯುವ ಬತ್ತಿಗೆ ಹತ್ತಿ ಯಾವಾಗಲೂ ಅಮೀನಾಬಿಯ ಹೊಲದ್ದೇ. ಅವಳ ಮಾವನ ಕಾಲದಿಂದ ಬಂದ ರೂಢಿಯಂತೆ. ನಮ್ಮ ಹೊಲದಲ್ಲಿಯೇ ಹತ್ತಿ ಇರುವಾಗ ಅವಳದ್ದು ಯಾಕೆ ಎಂದು ನಾನು ಬಂದ ಹೊಸದರಲ್ಲಿ ಕೇಳಿದ್ದೆ. ಕೊಡುವವರು ಕೊಡುತ್ತಾರೆ, ನಿನ್ನದೇನು ಹೋಗುತ್ತದೆ ಎಂದು ಅತ್ತೆ ಬಾಯಿ ಮುಚ್ಚಿಸಿದ್ದರು.

ಸೀಗಿ ಹುಣ್ಣಿಮೆ ಬಂತು. ನಮ್ಮ ಕಡೆ ಆ ದಿನ ಬೆಳೆ ಬಸುರಿ ಎಂದು ನಂಬಿಕೆ. ಹೊಲಕ್ಕೆ ಬಂಡಿ ಕಟ್ಟಿಕೊಂಡು ಹೋಗಿ ಭೂಮಿತಾಯಿಯನ್ನು ಪೂಜೆ ಮಾಡಿ, ಬಸುರಿಯ ಬಯಕೆ ತೀರಿಸುವ ಹಾಗೆ ಬಗೆಬಗೆಯ ಅಡುಗೆಯನ್ನು ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದಕ್ಕೆ ಚರಗ ಎನ್ನುತ್ತಾರೆ. ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಮೊಸರು ಬುತ್ತಿ, ಸಜ್ಜಿರೊಟ್ಟಿ ಎಲ್ಲ ಮಾಡಿಕೊಂಡು ಹೋಗಿದ್ದೆವು. ಅತ್ತೆ ನಮ್ಮ ಹೊಲಕ್ಕೆ ಚರಗ ಚೆಲ್ಲಿ, ಪ್ರತಿ ವರ್ಷದಂತೆ ಬದುವಿನ ಮೇಲೆ ನಿಂತು ಅಮೀನಾಬಿಯ ಹೊಲಕ್ಕೂ ಮೂರು ಮುಷ್ಟಿ ಎರಚಿದರು. ಆಮೇಲೆ ಅವಳನ್ನೂ ಕರೆದು ನಮ್ಮ ಪಂಕ್ತಿಯಲ್ಲಿಯೇ ಊಟಕ್ಕೆ ಕೂರಿಸಿದರು. ಊಟದ ಹೊತ್ತಿನಲ್ಲಿ ಅತ್ತೆ ನಮ್ಮಿಬ್ಬರಿಗೂ ಒಂದು ಮಾತು ಹೇಳಿದರು. ಇವತ್ತು ಬೆಳೆ ಬಸುರಿ, ಮೊಗ್ಗಿಗೆ ಉಗುರು ಹಚ್ಚಬೇಡಿ, ಇವತ್ತಿನ ಹೂವನ್ನು ಅದರ ಪಾಡಿಗೆ ಬಿಡಿ ಎಂದು. ನಾನು ತಲೆ ಆಡಿಸಿದೆ. ಅಮೀನಾಬಿಯೂ ಹೂಂ ಎಂದಳು.

ನಾನು ತಲೆ ಆಡಿಸಿದ್ದು ಅತ್ತೆಯ ಸಮಾಧಾನಕ್ಕೆ. ಒಂದು ದಿನ ಬಿಟ್ಟರೆ ಗಿಡಕ್ಕೆ ಒಂದೆರಡಾದರೂ ದಾರವಿಲ್ಲದ ಕಾಯಿ ಆಗುತ್ತವೆ ಎಂಬುದು ನನಗೆ ಗೊತ್ತಿತ್ತು. ಊಟವಾಗಿ ಎಲ್ಲರೂ ಬಂಡಿ ಹತ್ತುವಾಗ ಪಾತ್ರೆ ತೊಳೆದುಕೊಂಡು ಹಿಂದಿನಿಂದ ಬರುತ್ತೇನೆ ಎಂದು ಉಳಿದೆ. ಬಂಡಿ ಹಳ್ಳ ದಾಟಿದ ಮೇಲೆ, ಸದ್ದಾಗಬಾರದೆಂದು ಬಳೆಗಳನ್ನು ಮೊಣಕೈಗೆ ಏರಿಸಿಕೊಂಡು, ಹೆಣ್ಣು ಸಾಲಿಗೆ ಇಳಿದು ಚೀಲ ತೊಡಿಸಿದರೆ ಕಾಣುತ್ತದೆಂದು ಒಂದೊಂದೇ ಮೊಗ್ಗನ್ನು ಮುರಿದು ಎಸೆದೆ. ಮೂರು ತಾಸು ಬಗ್ಗಿದ ಸೊಂಟ ಎತ್ತಲಿಲ್ಲ. ಕೈಗೆ ಸಿಗದೆ ಉಳಿದವನ್ನು ಮರುದಿನ ಬೆಳಿಗ್ಗೆ ಹೂವಾದಾಗಲೇ ಕಿತ್ತು ಹಾಕಿದೆ. ಭಕ್ತಿ ಇಲ್ಲವೆಂದಲ್ಲ. ದೇವರು ಹೇಗೋ ಕ್ಷಮಿಸುತ್ತಾನೆ, ಮಾದರಿ ನೋಡುವವರು ಕ್ಷಮಿಸುವುದಿಲ್ಲ ಎಂದುಕೊಂಡೆ. ಮನೆಗೆ ಬಂದಾಗ ಇಷ್ಟು ಹೊತ್ತು ಏನು ಮಾಡಿದೆ ಎಂದು ಅತ್ತೆ ಕೇಳಿದರು. ಹಳ್ಳದಲ್ಲಿ ನೀರು ಕಲಕಿತ್ತು, ತಿಳಿಯಾಗುವ ತನಕ ಕಾಯ್ದೆ ಎಂದೆ.

ಆಮೇಲೆ ದೀಪಾವಳಿಗೆ ತವರಿಗೆ ಹೋದೆ. ಅಣ್ಣನ ಮಗುವಿಗೆ ಜ್ವರ ಬಂದು ಎರಡು ಗುರುವಾರ ಅಲ್ಲಿಯೇ ಉಳಿಯಬೇಕಾಯಿತು. ಕದರಮಂಡಲಗಿಯಲ್ಲಿ ಹನುಮಪ್ಪನಿಗೆ ಕೈಮುಗಿದು ನಿಂತಾಗಲೂ ನನ್ನ ಮನಸ್ಸೆಲ್ಲ ಹೊಲಗಳ ಮೇಲೆ. ನಾನಿಲ್ಲದ್ದನ್ನು ನೋಡಿಕೊಂಡು ಯಾರು ಏನು ಮಾಡುತ್ತಿದ್ದಾರೋ ಎಂದು. ಊರಿಗೆ ಬಂದ ಮರುದಿನವೇ ಗುರುವಾರದ ದಾರಿ ಕಾಯದೆ ಸುತ್ತಲು ಹೊರಟೆ.

ಹನ್ನೆರಡು ಹೊಲ ಸರಿಯಾಗಿದ್ದವು. ಹದಿಮೂರನೆಯದು ಅಮೀನಾಬಿಯದು. ಮೊದಲ ಗಿಡದ ಎಲೆ ಸರಿಸಿದಾಗಲೇ ಒಂದು ಕಾಯಿ ಕಂಡಿತು, ನೆಲ್ಲಿಕಾಯಿಗಿಂತ ದೊಡ್ಡದು, ತೊಟ್ಟಿಗೆ ದಾರವಿಲ್ಲ. ತವರಿಗೆ ಹೋಗುವ ಮುನ್ನ ಸುತ್ತಿದಾಗ ಇಂಥದ್ದು ಯಾವುದೂ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದು ಹೋಗಿರಬೇಕು ಎಂದುಕೊಂಡು ಮುಂದಿನ ಗಿಡ ನೋಡಿದೆ. ಅಲ್ಲೂ ಒಂದು. ಅದರ ಮುಂದಿನ ಗಿಡದಲ್ಲಿ ಎರಡು. ಹೀಗೇ ಸಾಲಿನ ಉದ್ದಕ್ಕೂ ಗಿಡಕ್ಕೆ ಒಂದು, ಎರಡು. ಒಂದೇ ಕಡೆ ಗುಂಪಾಗಿ ಇದ್ದಿದ್ದರೆ ಮರೆತಿದ್ದಾಳೆ ಎನ್ನಬಹುದಿತ್ತು. ಹೀಗೆ ಹಂಚಿ ಬಿಟ್ಟಿದ್ದು ನೋಡಿ ನನಗೆ ಮೈಯೆಲ್ಲ ಉರಿಯಿತು. ಕಣ್ಣಿಗೆ ಬೀಳದ ಹಾಗೆ, ತೂಕ ಮಾತ್ರ ಹೆಚ್ಚಾಗುವ ಹಾಗೆ ಹೊಂಚು ಹಾಕಿ ಮಾಡಿದ್ದಾಳೆ, ಅದೂ ನಾನು ಊರಲ್ಲಿಲ್ಲದಾಗ ಎಂದು ತೀರ್ಮಾನಿಸಿಬಿಟ್ಟೆ. ಆ ಕಾಯಿಗಳೆಲ್ಲ ಒಂದೇ ಗಾತ್ರದವು ಎಂಬುದನ್ನು ನನ್ನ ಕಣ್ಣು ನೋಡಿತ್ತು. ತಲೆ ಅದನ್ನು ಒಳಗೆ ತೆಗೆದುಕೊಳ್ಳಲಿಲ್ಲ.

ಆ ಹೊತ್ತಿಗೆ ಅಮೀನಾಬಿ ಬದುವಿನ ಕಡೆ ಮೂರು ಕಲ್ಲಿನ ಒಲೆಯ ಮೇಲೆ ಚಹಾ ಇಟ್ಟಿದ್ದಳು. ನನ್ನನ್ನು ನೋಡಿ, "ಶಾಂತವ್ವ, ಯಾವಾಗ ಬಂದಿ? ಬಾ, ಚಹಾ ಇಟ್ಟೇನಿ, ಕುಡದು ಹೋಗು," ಎಂದಳು. ನನಗೆ ಆ ಚಹಾದ ಮೇಲೂ ಸಂಶಯ. ಕಂಡದ್ದನ್ನು ಮುಚ್ಚಿಡಲಿ ಎಂದು ಪುಸಲಾಯಿಸುತ್ತಿದ್ದಾಳೆ ಅನಿಸಿತು. ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿ, ಅವಳ ಬೆನ್ನು ಆ ಕಡೆ ತಿರುಗಿದಾಗ ಆ ಕಾಯಿಗಳಲ್ಲಿ ಏಳೆಂಟನ್ನು ಕಿತ್ತು ಉಡಿಯಲ್ಲಿ ಕಟ್ಟಿಕೊಂಡು ಬಂದೆ. ಅವಳನ್ನು ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ. ಕೇಳಿದರೆ ರಾತ್ರಿಯೊಳಗೆ ಎಲ್ಲ ಕಿತ್ತು ಸಾಕ್ಷಿ ಇಲ್ಲದಂತೆ ಮಾಡುತ್ತಾಳೆ ಎಂದು ನನ್ನ ಲೆಕ್ಕ.

ಅವತ್ತೇ ಸಂಜೆ ಬಸಣ್ಣನಿಗೆ ಹೇಳಿ ಸಭೆ ಕರೆಸಿದೆ. ದೀಪ ಹಚ್ಚುವ ಮುನ್ನ ನಮ್ಮ ಪಡಸಾಲೆ ತುಂಬಿತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಅತ್ತೆ ಕಂಬಕ್ಕೆ ಒರಗಿ ಎಂದಿನಂತೆ ಬತ್ತಿ ಹೊಸೆಯುತ್ತ ಕೂತಿದ್ದರು. ಅವರು ಸಂಘದವರಲ್ಲ, ಅದು ಅವರ ಕೂರುವ ಜಾಗ ಅಷ್ಟೆ. ಅಮೀನಾಬಿ ಕೊನೆಗೆ ಬಂದಳು. ಏನೋ ಮಾದರಿಯ ಸುದ್ದಿ ಬಂದಿರಬೇಕೆಂದು ಬಾಗಿಲ ಹತ್ತಿರ ಕೂತಳು.

ನಾನು ಎದ್ದು ನಿಂತು ಉಡಿ ಬಿಚ್ಚಿ ಕಾಯಿಗಳನ್ನು ಚಾಪೆಯ ಮೇಲೆ ಸುರಿದೆ. "ದಾರ ಇಲ್ಲದ ಕಾಯಿ. ಅಮೀನಕ್ಕನ ಹೊಲದ್ದು. ಒಂದ ಗಿಡಾ ಬಿಟ್ಟಿಲ್ಲ, ಎಲ್ಲಾದ್ರಾಗೂ ಅದಾವು," ಎಂದೆ. ಪಡಸಾಲೆಯಲ್ಲಿ ಒಮ್ಮೆಲೇ ಗದ್ದಲವಾಯಿತು. ಮೊದಲು ಬಾಯಿ ತೆರೆದವಳು ಕಮಲವ್ವ. ಅವಳದೂ ಸಂಘದಲ್ಲಿ ಎರಡೆಕರೆ. ತನ್ನ ಮಕ್ಕಳ ಬಾಯಿಗೆ ಮಣ್ಣು ಹಾಕಿದಳು ಎಂದು ಅಳುವುದಕ್ಕೇ ನಿಂತಳು. ಮೊನ್ನೆ ಮೊನ್ನೆಯವರೆಗೆ ಅಮೀನಾಬಿಯ ಮನೆಯ ಸುರಕುಂಬಾ ಪಾಯಸ ಕುಡಿದವರೆಲ್ಲ ಅವಳಿಂದ ಒಂದು ಮೊಳ ದೂರ ಸರಿದು ಕೂತರು. ಹಿಂದಿನಿಂದ ಯಾರೋ ಗಂಡಸು, ಅವರನ್ನು ಸೇರಿಸಿಕೊಂಡದ್ದೇ ತಪ್ಪು ಎಂದ. ಯಾವ 'ಅವರು' ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಈಗ ನೆನೆದರೆ ಅದೇ ಹೆಚ್ಚು ಚುಚ್ಚುತ್ತದೆ.

ಬಸಣ್ಣ ಎಲ್ಲರನ್ನೂ ಸುಮ್ಮನಾಗಿಸಿ ಇದು ಖರೆಯೇನು ಎಂದು ಅಮೀನಾಬಿಯನ್ನು ಕೇಳಿದರು. ಅವಳು ಕಾಯಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಅತ್ತೆಯ ಕಡೆ ನೋಡಿ ತಟ್ಟನೆ ಮುಖ ತಿರುಗಿಸಿದಳು. "ಕಾಯಿ ನಮ್ಮ ಹೊಲದ್ದ. ಆದ್ರ ಅವನ್ನ ಸಂಘದ ಚೀಲಕ್ಕ ಹಾಕತಿರಲಿಲ್ರಿ. ಬ್ಯಾರೆ ಆರಿಸಿ ಇಡಬೇಕಂತ ಬಿಟ್ಟಿದ್ದೆ," ಎಂದಳು. ಯಾಕೆ ಬಿಟ್ಟೆ ಎಂದು ಮೂರು ಸಲ ಕೇಳಿದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಉತ್ತರವಿಲ್ಲದ ಮೇಲೆ ಇನ್ನೇನು, ನಾನು ಗೆದ್ದೆ ಎಂದುಕೊಂಡೆ. ಠರಾವಿನಂತೆ ಹೆಸರು ತೆಗೆಯುವುದೇ ಸರಿ ಎಂದು ಆರೇಳು ಜನ ಒಟ್ಟಿಗೇ ಹೇಳಿದರು. ಬಸಣ್ಣ ಸಂಕಟದಿಂದಲೇ ಪುಸ್ತಕ ತೆರೆದರು. ಹೆಸರು ಹೋದರೆ ಅವಳ ಎರಡು ತಿಂಗಳ ದುಡಿಮೆ ಹೋದಂತೆ, ಮುಂದೆ ಯಾರೂ ಅವಳನ್ನು ಕೂಲಿಗೂ ಕರೆಯುವುದಿಲ್ಲ. ಬೀಜದಲ್ಲಿ ಕಳ್ಳತನ ಮಾಡಿದವಳು ಎಂಬ ಹೆಸರು ಈ ಸೀಮೆಯಲ್ಲಿ ಅಳಿಸುವುದಿಲ್ಲ. ಇದು ಅಲ್ಲಿ ಕೂತ ಎಲ್ಲರಿಗೂ ಗೊತ್ತಿತ್ತು.

ಆಗ ಅತ್ತೆ ಬತ್ತಿಯನ್ನು ಪಕ್ಕಕ್ಕಿಟ್ಟು, ಕೂತಲ್ಲಿಂದಲೇ ಕೈ ಚಾಚಿ ಚಾಪೆಯ ಮೇಲಿನ ಎರಡು ಕಾಯಿ ತೆಗೆದುಕೊಂಡರು. ಒಂದನ್ನು ಇನ್ನೊಂದಕ್ಕೆ ತಾಗಿಸಿ ನೋಡಿದರು. ಮತ್ತೆರಡು ತೆಗೆದುಕೊಂಡರು. ಅರವತ್ತೈದು ವರ್ಷ ಹತ್ತಿಯಲ್ಲಿ ಬದುಕಿದ ಕೈ ಅದು.

"ಇವು ಎಲ್ಲಾ ಒಂದ ದಿನದ ಕಾಯಿ," ಎಂದರು.

ಬಸಣ್ಣನಿಗೆ ಅರ್ಥವಾಗಲಿಲ್ಲ. ಅತ್ತೆ ಬೆರಳು ಮಡಚಿ ಹಿಂದಕ್ಕೆ ಎಣಿಸಿದರು, ದೀಪಾವಳಿ, ಅದರ ಹಿಂದಿನ ವಾರ, ಅದರ ಹಿಂದಿನದು. "ಸೀಗಿ ಹುಣ್ಣಿವಿ ದಿನಾ ಮೊಗ್ಗಿ ಮುಟ್ಟಬ್ಯಾಡಂತ ನಾನ ಹೇಳಿದ್ದೆ. ಈಕಿ ಮುಟ್ಟಿಲ್ಲ. ಅವತ್ತ ಕೂಡಿದ ಕಾಯಿ ಮುರಿಲಿಕ್ಕೂ ಮನಸು ಬಂದಿಲ್ಲ. ಬತ್ತಿಗಿ ಇಟ್ಟೀ ಏನ ಅಮೀನಾ?"

ಅಮೀನಾಬಿ ತಲೆ ತಗ್ಗಿಸಿಯೇ ಹೌದೆಂದು ಗೋಣು ಹಾಕಿದಳು. ಆಮೇಲೆ ಮೆಲ್ಲಗೆ, ದೊಡ್ಡವ್ವನ ಹೆಸರು ಈ ಸಭೆಯಲ್ಲಿ ಹೇಗೆ ಹೇಳಲಿ, ನಾಳೆ ಎಲ್ಲರೂ ಅವರನ್ನು ಆಡಿಕೊಂಡರೆ ಏನು ಮಾಡಲಿ ಎಂದಳು. ಅಷ್ಟು ಹೊತ್ತು ಬಾಯಿ ಬಿಡದೆ ಕೂತಿದ್ದು ಅದಕ್ಕೆ.

ಅತ್ತೆ ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಆ ಮುಖದಲ್ಲಿ. ಏನೋ ಕಳೆದು ಹೋದದ್ದನ್ನು ಹುಡುಕುವವರ ಹಾಗೆ ಕೇಳಿದರು.

"ಶಾಂತಾ, ಮತ್ತ ನಮ್ಮ ಹೊಲದಾಗ ಆ ದಿನದ ಕಾಯಿ ಎಲ್ಲಿ ಅದಾವ?"

ನನ್ನ ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಹೋಯಿತು. ಪಕ್ಕದಲ್ಲಿ ಕೂತ ಕಮಲವ್ವನ ಕೈ ನೋಡಿದೆ, ಅವಳ ಹೆಬ್ಬೆರಳೂ ಮುಷ್ಟಿಯೊಳಗಿತ್ತು. ಅವಳ ಪಕ್ಕದವಳದ್ದೂ. ಅತ್ತೆ ಒಬ್ಬೊಬ್ಬರನ್ನೇ ನೋಡುತ್ತ ಹೋದರು, ಎಲ್ಲರ ಕಣ್ಣೂ ಚಾಪೆಯ ಮೇಲೆ. ಹದಿಮೂರು ಮನೆಯ ಹೊಲದಲ್ಲೂ ಹುಣ್ಣಿಮೆಯ ದಿನದ ಕಾಯಿ ಒಂದೂ ಇರಲಿಲ್ಲ. ನಾವೆಲ್ಲ ಚರಗ ಚೆಲ್ಲಿ, ಊಟ ಮಾಡಿ, ಮನೆಯ ಹಿರಿಯರ ಕಣ್ಣು ತಪ್ಪಿಸಿ ಹೊಲಕ್ಕೆ ಇಳಿದಿದ್ದೆವು. ಆಚೆ ಹೊಲದವರು ನೋಡಿದರೆ ಎಂದು ಒಬ್ಬರಿಗೊಬ್ಬರು ಹೆದರಿಕೊಂಡೇ ಇಳಿದಿದ್ದೆವು. ನಮ್ಮ ಹಬ್ಬವನ್ನು ನಂಬಿ ನಡೆದವಳು ಅಮೀನಾಬಿ ಒಬ್ಬಳೇ. ಅವಳನ್ನೇ ನಾವು ಕಳ್ಳಿ ಎಂದು ಕೂರಿಸಿದ್ದೆವು.

"ನಾ ಮುರದೇನ್ರಿ ಅತ್ತಿ," ಎಂದೆ ಕೊನೆಗೆ. "ನೀವು ಬಂಡ್ಯಾಗ ಹೋದ ಮ್ಯಾಲೆ."

ಅತ್ತೆ ಚಾಪೆಯ ಮೇಲಿನ ಕಾಯಿಗಳನ್ನು ಒಂದೊಂದೇ ಆರಿಸಿ ತಮ್ಮ ಉಡಿಗೆ ಹಾಕಿಕೊಂಡರು. ಬಲಿಯದೆ ಕಿತ್ತ ಕಾಯಿ, ಅದರಿಂದ ಬತ್ತಿಯೂ ಆಗದು. ಆದರೂ ಒಂದನ್ನೂ ಬಿಡದೆ ತೆಗೆದುಕೊಂಡು, ಗೋಡೆ ಹಿಡಿದು ಎದ್ದು ದೇವರ ಕೋಣೆಗೆ ಹೋದರು. ಬಸಣ್ಣ ಪುಸ್ತಕ ಮುಚ್ಚಿದರು. ಸಭೆ ಮುಗಿಯಿತು ಎಂದು ಯಾರೂ ಹೇಳಲಿಲ್ಲ, ಎಲ್ಲರೂ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅಮೀನಾಬಿ ಎದ್ದು ಹೋದದ್ದು ನನಗೆ ಗೊತ್ತೇ ಆಗಲಿಲ್ಲ.

ಮರುದಿನ ಬೆಳಿಗ್ಗೆ ಅವಳ ಹೊಲಕ್ಕೆ ಹೋದೆ. ಗಂಡು ಹೂ ಸವರುತ್ತಿದ್ದಳು, ಕೆಲಸ ನಿಲ್ಲಿಸಲಿಲ್ಲ. ತಪ್ಪಾಯಿತು ಎಂದೆ. ಆಯಿತು ಬಿಡು ಎಂದಳು. ನಾನು ದಾರದ ಉಂಡೆ ಹಿಡಿದುಕೊಂಡು ಅವಳ ಹಿಂದೆ ಹಿಂದೆ ದಾರ ಕಟ್ಟುತ್ತ ಹೋದೆ. ಅವಳ ಹೆಸರು ಸಂಘದಲ್ಲಿ ಉಳಿಯಿತು. ಹುಣ್ಣಿಮೆಯ ಕಾಯಿಗಳನ್ನು ಅವಳು ಹೇಳಿದಂತೆಯೇ ಬೇರೆ ಆರಿಸಿದಳು, ಉಳಿದದ್ದು ರಾಶಿಗೆ ಸೇರಿತು. ನಮ್ಮ ಮಾದರಿ ಪಾಸಾಯಿತು. ಮುಂದಿನ ವರ್ಷದಿಂದ ಆ ಒಂದು ದಿನ ಯಾರೂ ಕದ್ದು ಮೊಗ್ಗು ಮುಟ್ಟಬಾರದು, ಆ ದಿನದ ಕಾಯಿಗೆ ಅರಿಷಿಣದ ದಾರ ಕಟ್ಟಿ ಗುರುತು ಮಾಡಿ, ಬೇರೆ ಆರಿಸಿ, ಮನೆಮನೆಯ ದೀಪಕ್ಕೆ ಬತ್ತಿ ಮಾಡಿಕೊಳ್ಳಬೇಕು ಎಂದು ಠರಾವಾಯಿತು. ಸಂಘ ಚೆನ್ನಾಗಿ ನಡೆಯಿತು. ನಮ್ಮೂರ ಹೆಂಗಸರು ಬೇರೆಯವರ ಹೊಲಕ್ಕೆ ಹೋಗುವುದು ನಿಂತಿತು. ನಾಲ್ಕು ಜನರೆದುರು ನಿಂತು ಮಾತಾಡುವುದು ಬಂತು. ಇವೆಲ್ಲ ಸಂಘದಿಂದ ಆದದ್ದೇ, ಅದನ್ನು ಅಲ್ಲಗಳೆಯುವುದಿಲ್ಲ.

ಆದರೆ ಮುಂದಿನ ವರ್ಷ ಅಮೀನಾಬಿ ಸಂಘಕ್ಕೆ ಹೆಸರು ಕೊಡಲಿಲ್ಲ. ನಮ್ಮ ಬೀಜ ಕೆಡದಿರಲಿ ಎಂದು ತನ್ನ ಹೊಲದಲ್ಲಿ ಹತ್ತಿಯನ್ನೇ ಬಿಟ್ಟು ಜೋಳ, ಶೇಂಗಾ ಹಾಕಿದಳು. ಬಸಣ್ಣ ಕೈಮುಗಿದು ಕೇಳಿದರೂ ನಕ್ಕು ಬೇಡವೆಂದಳು. ನನ್ನ ಮೇಲಿನ ಸಿಟ್ಟೇ ಎಂದು ನಾನು ಕೇಳಿದಾಗ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಸಿಟ್ಟೇನಿಲ್ಲ ಶಾಂತವ್ವ. ಮೊದಲ ಹೊಲದಾಗ ಯಾರರ ಹೆಜ್ಜಿ ಸಪ್ಪಳ ಕೇಳಿದ್ರ, ಯಾರೋ ಬಂದ್ರು, ಚಹಾ ಇಡೂಣು ಅನಸ್ತಿತ್ತು. ಈಗ ಎದಿ ಝಲ್ ಅಂತೈತಿ. ಹಂಗ ಆಗಿ ಬಾಳೇ ಮಾಡೂದು ನನ್ನ ಕಡಿಂದ ಆಗೂದಿಲ್ಲ."

ಫೌಜದಾರಿಕೆಯನ್ನು ನಾನು ಅವತ್ತೇ ಬಿಟ್ಟೆ, ಸಂಘದವರು ಮತ್ತೆ ಪಾಳಿ ಮಾಡಿಕೊಂಡರು.

ಅತ್ತೆ 1994ರಲ್ಲಿ ತೀರಿಕೊಂಡರು. ಆ ವರ್ಷದ ಸೀಗಿ ಹುಣ್ಣಿಮೆಗೆ ಮೊದಲ ಸಲ ಚರಗ ಚೆಲ್ಲುವ ಕೆಲಸ ನನ್ನ ಕೈಗೆ ಬಂತು. ನಮ್ಮ ಹೊಲ ಮುಗಿಸಿ ಬದುವಿನ ಮೇಲೆ ನಿಂತು ಅಮೀನಾಬಿಯ ಜೋಳದ ಹೊಲಕ್ಕೂ ಮೂರು ಮುಷ್ಟಿ ಎರಚಿದೆ. ಅವಳು ಒಲೆಯ ಮೇಲೆ ಚಹಾ ಇಟ್ಟು ನೋಡುತ್ತ ಕೂತಿದ್ದಳು. ನನ್ನನ್ನು ಕರೆದು ಲೋಟ ಕೈಗೆ ಕೊಟ್ಟಳು. ಆ ಹಳೆಯ ನಗುವಿನಲ್ಲಿಯೇ, "ಖರೇ ಹೇಳು, ಇವತ್ತ ಮೊಗ್ಗಿ ಮ್ಯಾಲೆ ಉಗುರು ಹಚ್ಚೀದಿ ಏನ?" ಎಂದು ಕೇಳಿದಳು.

ಇಲ್ಲ ಅಮೀನಕ್ಕ ಎಂದೆ. ಅವಳ ಬೆನ್ನ ಹಿಂದೆಯೇ ನಮ್ಮ ಹತ್ತಿಯ ಸಾಲು ಇತ್ತು. ತಿರುಗಿದರೆ ಸಾಕು, ಮೊಗ್ಗು ಉಳಿದಿವೆಯೋ ಇಲ್ಲವೋ ಕಾಣುತ್ತಿತ್ತು. ಅವಳು ತಿರುಗಲಿಲ್ಲ. ಹೌದೇನು ಎಂದು ಮತ್ತೊಮ್ಮೆ ಕೇಳಲೂ ಇಲ್ಲ. ತನ್ನ ಲೋಟಕ್ಕೆ ಚಹಾ ಬಗ್ಗಿಸಿಕೊಂಡು ಊದುತ್ತ ಕುಡಿಯತೊಡಗಿದಳು.

ನಾನಾಗಿದ್ದರೆ ತಿರುಗಿ ನೋಡುತ್ತಿದ್ದೆ.